ಸ್ನಾನಗೃಹದ ಗೋಡೆ: ಕಣ್ಣಿಗೆ ಕಾಣದ ಪದರದ ಚರಿತ್ರೆ



ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧಗಳ ಇಸವಿ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಆದರೆ ತಾನು ಕಟ್ಟಿದ ಗೋಡೆಯೊಳಗೆ ನೀರು ಇಳಿಯದಂತೆ ತಡೆಯಲು ಮನುಷ್ಯನು ಪಟ್ಟ ಪಾಡಿಗೂ ಒಂದು ದೀರ್ಘ ಚರಿತ್ರೆಯುಂಟು. ನಿಮ್ಮಲ್ಲಿ ಹಲವರು ಈಗ ಸ್ವಂತ ಮನೆ ಕಟ್ಟುವ ಅಥವಾ ಕೊಳ್ಳುವ ವಯಸ್ಸಿನವರು. ಸ್ನಾನಗೃಹದ ಟೈಲ್ಸ್ ಯಾವ ಬಣ್ಣದ್ದಿರಬೇಕೆಂದು ವಾರಗಟ್ಟಲೆ ಚರ್ಚಿಸುವವರುಂಟು. ಅದರ ಹಿಂದೆ ಗೋಡೆಗೆ ಏನು ಬಳಿಯಲಾಗಿದೆಯೆಂದು ಕೇಳುವವರು ವಿರಳ. ಈ ಲೇಖನ ಆ ಹಿಂಬದಿಯ ಪದರವನ್ನು ಕುರಿತದ್ದು.

ಸಿಂಧ್ ಪ್ರಾಂತದ ಮೊಹೆಂಜೊದಾರೊದಲ್ಲಿರುವ ‘ಮಹಾ ಸ್ನಾನಗೃಹ’ದ ಚಿತ್ರವನ್ನು ನೀವೆಲ್ಲರೂ ಪಠ್ಯಪುಸ್ತಕದಲ್ಲಿ ಕಂಡಿದ್ದೀರಿ. ಸರ್ ಜಾನ್ ಮಾರ್ಷಲ್ ಅವರು ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಕಾಲದಲ್ಲಿ, 1925-26ರ ಉತ್ಖನನದಲ್ಲಿ ಅದು ಬೆಳಕಿಗೆ ಬಂತು. ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ - ಪರೀಕ್ಷೆಗೆ ಬೇಕಾದದ್ದು ಇಷ್ಟೇ. ಆದರೆ ಆ ಕೊಳದ ನಿಜವಾದ ಹಿರಿಮೆ ಅಳತೆಯಲ್ಲಿಲ್ಲ, ಗೋಡೆಯ ಒಡಲಿನಲ್ಲಿದೆ. ನೀರಿಗೆ ತಾಗುವ ಒಳಗೋಡೆಯನ್ನು ಸುಟ್ಟ ಇಟ್ಟಿಗೆಗಳನ್ನು ಒತ್ತೊತ್ತಾಗಿ ಜೋಡಿಸಿ, ಜಿಪ್ಸಮ್ ಗಾರೆಯಿಂದ ಕಟ್ಟಿದ್ದಾರೆ. ಅದರ ಹಿಂದೆ ಸುಮಾರು ಒಂದು ಅಂಗುಲ ದಪ್ಪಕ್ಕೆ ಬಿಟುಮೆನ್, ಎಂದರೆ ಭೂಮಿಯಲ್ಲಿ ಸಹಜವಾಗಿ ದೊರೆಯುವ ಡಾಂಬರಿನಂಥ ವಸ್ತುವನ್ನು ಮೆತ್ತಿದ್ದಾರೆ. ಆ ಪದರ ಜಾರದಂತೆ ಅದರ ಹಿಂದೆ ಮತ್ತೊಂದು ತೆಳುವಾದ ಇಟ್ಟಿಗೆಯ ಗೋಡೆಯಿದೆ.

ಇದರ ಮರ್ಮವನ್ನು ಗಮನಿಸಬೇಕು. ಜಿಪ್ಸಮ್ ನೀರಿನಲ್ಲಿ ಅಲ್ಪಸ್ವಲ್ಪವಾಗಿ ಕರಗುವ ವಸ್ತು. ಇಟ್ಟಿಗೆಯಾದರೋ ನೀರನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಹೊರಗೆ ಕಾಣುವ ಅಂದವಾದ ಗೋಡೆ ನೀರನ್ನು ತಡೆಯುವುದಿಲ್ಲ, ನಿಧಾನಗೊಳಿಸುತ್ತದೆ. ತಡೆಯುವುದು ಹಿಂದಿನ ಕಪ್ಪು ಪದರ. ಈ ಭೇದವನ್ನು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಆ ಅನಾಮಧೇಯ ಕೆಲಸಗಾರರು ಅರಿತಿದ್ದರು. ಮೆಸೊಪೊಟೇಮಿಯದ ಜನರೂ ತಮ್ಮ ಸ್ನಾನದ ಕೋಣೆಗಳ ಸುಟ್ಟ ಇಟ್ಟಿಗೆಯ ನೆಲಕ್ಕೆ ಬಿಟುಮೆನ್ನನ್ನೇ ಬಳಸುತ್ತಿದ್ದರು.

ಡಾಂಬರು ಸುಲಭವಾಗಿ ದೊರೆಯದ ನಾಡುಗಳಲ್ಲಿ ಬೇರೆ ಉಪಾಯ ಬೇಕಾಯಿತು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್, ಹತ್ತು ಸಂಪುಟಗಳ ತನ್ನ ಗ್ರಂಥದ ಏಳನೆಯ ಸಂಪುಟದಲ್ಲಿ ತೇವದ ಗೋಡೆಗಳ ವಿಷಯವನ್ನು ವಿವರವಾಗಿ ಚರ್ಚಿಸಿದ್ದಾನೆ. ನೆಲದಿಂದ ಸುಮಾರು ಮೂರು ಅಡಿಯವರೆಗೆ ಗಿಲಾವಿಗೆ ಮರಳನ್ನು ಬಳಸದೆ ಸುಟ್ಟ ಮಡಕೆಯ ಪುಡಿಯನ್ನು ಬಳಸಬೇಕೆಂಬುದು ಅವನ ಸಲಹೆ. ಗೋಡೆ ಪೂರ್ತಿ ತೇವದಿಂದ ಕೂಡಿದ್ದರೆ, ಅದರ ಮುಂದೆ ತುಸು ಅಂತರ ಬಿಟ್ಟು ಇನ್ನೊಂದು ತೆಳುಗೋಡೆ ಕಟ್ಟಿ, ನಡುವಿನ ನೀರು ಹರಿದುಹೋಗಲು ಕಾಲುವೆಯನ್ನೂ ಗಾಳಿಯಾಡಲು ಕಿಂಡಿಗಳನ್ನೂ ಇಡಬೇಕೆನ್ನುತ್ತಾನೆ.

ಮಡಕೆಯ ಪುಡಿಗೆ ಈ ಶಕ್ತಿ ಎಲ್ಲಿಂದ ಬಂತು? ಬರಿಯ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುತ್ತದೆ. ಆದ್ದರಿಂದ ನೀರಿನಡಿಯಲ್ಲಿ ಅದು ಬಲಗೊಳ್ಳದು. ಹದವಾಗಿ ಸುಟ್ಟ ಮಣ್ಣಿನಲ್ಲಿರುವ ಸಿಲಿಕಾ ಮತ್ತು ಅಲ್ಯುಮಿನಾ ಸುಣ್ಣದೊಡನೆ ಕೂಡಿದಾಗ, ನೀರಿನಲ್ಲಿಯೂ ಗಟ್ಟಿಯಾಗುವ ಸಂಯುಕ್ತಗಳು ಉಂಟಾಗುತ್ತವೆ. ನಮ್ಮವರು ಸುರ್ಕಿ ಎಂದು ಕರೆಯುತ್ತಿದ್ದ ಇಟ್ಟಿಗೆಯ ಪುಡಿಯ ಗುಣವೂ ಇದೇ. 1911ರಲ್ಲಿ ಕಾಮಗಾರಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯನ್ನು ಸುಣ್ಣ-ಸುರ್ಕಿಯ ಗಾರೆಯಿಂದಲೇ ಕಟ್ಟಲಾಯಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

ಹಾಗಾದರೆ ನಮ್ಮ ಹಳೆಯ ಮನೆಗಳಲ್ಲಿ ಈ ಸಮಸ್ಯೆ ಏಕೆ ಅಷ್ಟಾಗಿ ಕಾಣುತ್ತಿರಲಿಲ್ಲ? ಬಚ್ಚಲುಮನೆ ಸಾಮಾನ್ಯವಾಗಿ ಹಿತ್ತಲ ಕಡೆಗೆ ಇರುತ್ತಿತ್ತು. ನೆಲಕ್ಕೆ ಕಲ್ಲುಚಪ್ಪಡಿ, ಮೂಲೆಯಲ್ಲಿ ಹಂಡೆಯ ಒಲೆ, ನೀರು ಹರಿದು ಸೇರುತ್ತಿದ್ದುದು ಬಾಳೆಯ ಬುಡವನ್ನು. ಒಲೆಯ ಕಾವು ಗೋಡೆಯನ್ನು ಒಣಗಿಸುತ್ತಿತ್ತು. ಬಚ್ಚಲು ಮಲಗುವ ಕೋಣೆಯ ಪಕ್ಕಕ್ಕೆ, ಅನಂತರ ಇನ್ನೊಬ್ಬರ ಮನೆಯ ನೆತ್ತಿಯ ಮೇಲಕ್ಕೆ ಬಂದಾಗ ತೇವಕ್ಕೆ ಹೋಗುವ ದಾರಿ ಇಲ್ಲವಾಯಿತು.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆ್ಯಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದನು. ಮುಂದೆ ಸಿಮೆಂಟೂ ಹೊಳೆಯುವ ಟೈಲ್ಸೂ ಮನೆಮನೆಗೆ ಬಂದವು. ಅವುಗಳೊಡನೆ, ಟೈಲ್ಸ್ ಇದ್ದಲ್ಲಿ ನೀರು ಇಳಿಯದೆಂಬ ಭ್ರಮೆಯೂ ಬಂತು. ಮೆರುಗಿನ ಟೈಲ್ಸ್ ನೀರನ್ನು ತಡೆಯಬಹುದು. ಅವುಗಳ ನಡುವಿನ ಸಂದಿನ ಸಿಮೆಂಟು ತಡೆಯದು. ಅಮೆರಿಕದಲ್ಲಿ ನೆಲೆಸಿರುವ ನಿಮ್ಮಲ್ಲಿ ಕೆಲವರು ಇದರ ಪರಿಣಾಮವನ್ನು ಬಲ್ಲಿರಿ. ಅಲ್ಲಿನ ಮರದ ಚೌಕಟ್ಟಿನ ಮನೆಗಳಲ್ಲಿ ಸ್ನಾನದ ತೊಟ್ಟಿಯ ಸುತ್ತ ಕಾಗದ ಹೊದಿಸಿದ ಜಿಪ್ಸಮ್ ಹಲಗೆಯ ಮೇಲೆಯೇ ಟೈಲ್ಸ್ ಅಂಟಿಸುವ ಪದ್ಧತಿ ಬಹುಕಾಲ ನಡೆಯಿತು. ಸಂದುಗಳಿಂದ ಇಳಿದ ನೀರಿಗೆ ಹಲಗೆ ಮೆತ್ತಗಾಗಿ, ಹಿಂದಿನ ಮರ ಕೊಳೆಯಿತು. ಕೊನೆಗೆ 2006ರ ವಸತಿ ಕಟ್ಟಡ ಸಂಹಿತೆಯು, ತೇವ ತಡೆಯುತ್ತದೆಂದು ಹೆಸರಾಗಿದ್ದ ಹಸಿರು ಕಾಗದದ ಹಲಗೆಯನ್ನೂ ತೊಟ್ಟಿಯ ಸುತ್ತಲಿನ ಟೈಲ್ಸ್‌ಗೆ ಆಧಾರವಾಗಿ ಬಳಸಕೂಡದೆಂದಿತು. ಸಿಮೆಂಟಿನ ಹಲಗೆಯಾದರೆ ಕೊಳೆಯುವುದಿಲ್ಲ, ನಿಜ. ಆದರೆ ಅದೂ ನೀರನ್ನು ಒಳಬಿಡುತ್ತದೆ. ಆದುದರಿಂದ ಅದರ ಮೇಲೆ ಜಲನಿರೋಧಕ ಲೇಪವನ್ನೋ ಅದರ ಹಿಂದೆ ಹಾಳೆಯನ್ನೋ ಕೊಡುತ್ತಾರೆ. ಆ ಪದರದ ಕೆಳಅಂಚು ತೊಟ್ಟಿಯ ಅಂಚಿನ ಮೇಲೆ ಇಳಿಬಿದ್ದಿರಬೇಕು. ಆಗ ಒಳಸೇರಿದ ನೀರು ಮರಳಿ ತೊಟ್ಟಿಗೇ ಬರುತ್ತದೆ.

ಹೀಗೆ ಸುತ್ತಿ ಬಳಸಿ ಆಧುನಿಕರು ತಲುಪಿದ್ದು ಮೊಹೆಂಜೊದಾರೊದ ತತ್ತ್ವವನ್ನೇ. ಜ್ಞಾನವು ಒಮ್ಮೆ ದೊರೆತರೆ ಶಾಶ್ವತವಾಗಿ ಉಳಿಯುತ್ತದೆಂದು ನಾವು ನಂಬುತ್ತೇವೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಕಣ್ಣಿಗೆ ಕಾಣುವ ಕೆಲಸಕ್ಕೆ ಮಾತ್ರ ಬೆಲೆ ಕಟ್ಟುವ ಸಮಾಜದಲ್ಲಿ ಕಾಣದ ಕೆಲಸ ಮೊದಲು ಅಗ್ಗವಾಗುತ್ತದೆ, ಬಳಿಕ ಮರೆತೇ ಹೋಗುತ್ತದೆ. ಅದರ ಫಲವನ್ನು ಉಣ್ಣುವವರು ಬಹಳ ಸಲ ಕೆಳಗಿನ ಮನೆಯವರು.

ಮನೆ ಕಟ್ಟಿಸುವವರಿಗೆ ನನ್ನ ಕೋರಿಕೆ ಇಷ್ಟೆ. ಜಲನಿರೋಧಕ ಲೇಪವನ್ನು ನೆಲಕ್ಕಷ್ಟೇ ಬಳಿದು ಮುಗಿಸದೆ, ನೆಲ ಗೋಡೆ ಕೂಡುವ ಮೂಲೆಗಳಿಗೂ, ನೀರು ಸಿಡಿಯುವಷ್ಟು ಎತ್ತರದ ಗೋಡೆಗೂ ಬಳಿಸಿರಿ. ಅದು ಒಣಗಿದ ಮೇಲೆ ನೆಲದಲ್ಲಿ ಒಂದೆರಡು ದಿನ ನೀರು ನಿಲ್ಲಿಸಿ ಪರೀಕ್ಷಿಸಿರಿ. ಅದಾದ ಬಳಿಕವೇ ಟೈಲ್ಸ್ ಹಾಕಿಸಿರಿ. ಆ ಕೆಲಸಕ್ಕೆ ಎರಡು ದಿನ ಹೆಚ್ಚು ಬೇಕೆಂದು ಮೇಸ್ತ್ರಿ ಕೇಳಿದರೆ ಸಂತೋಷದಿಂದ ಕೊಡಿರಿ, ಕೂಲಿಯಲ್ಲಿಯೂ ಚೌಕಾಶಿ ಮಾಡಬೇಡಿರಿ. ಅವರು ಮಾಡುತ್ತಿರುವುದು ಬಹು ಪುರಾತನವಾದ ವಿದ್ಯೆ.