ಕ್ಯಾಂಪ್ಟೊಥೆಸಿನ್ ಮತ್ತು ದುರ್ವಾಸನೆ ಮರ

ಕ್ಯಾಂಪ್ಟೊಥೆಸಿನ್: ಕ್ಯಾನ್ಸರ್ ಕೋಶಗಳ ವಿಭಜನೆಯನ್ನು ತಡೆಯುವ ಸಸ್ಯಜನ್ಯ ಆಲ್ಕಲಾಯ್ಡ್. ಚೀನಾ ಮೂಲದ ಕ್ಯಾಂಪ್ಟೊಥೆಕ ಮರದ ಜೊತೆಗೆ ಪಶ್ಚಿಮ ಘಟ್ಟದ ದುರ್ವಾಸನೆ ಮರವೂ ಇದರ ಮುಖ್ಯ ಆಕರ. ಹಳೆಯ ಲೇಖನಗಳಲ್ಲಿ ಬರುವ ಮ್ಯಾಪಿಯಾ ಫೀಟಿಡಾ, ನೊಥಪೊಡೈಟಿಸ್ ಫೀಟಿಡಾ ಮತ್ತು ಇಂದಿನ ನೊಥಪೊಡೈಟಿಸ್ ನಿಮ್ಮೋನಿಯಾನ ಇವೆಲ್ಲ ಇದೇ ಮರದ ಹೆಸರುಗಳು.

ಆರಂಭ: 1966ರಲ್ಲಿ ಅಮೆರಿಕದ ಮನ್ರೋ ವಾಲ್, ಮನ್ಸುಖ್ ವಾಣಿ ಮತ್ತು ಸಂಗಡಿಗರು ಚೀನೀ ಮರದಿಂದ ಈ ವಸ್ತುವನ್ನು ಬೇರ್ಪಡಿಸಿದರು. 1972ರಲ್ಲಿ ಮುಂಬಯಿಯ ಗೋರೆಗಾಂವ್‌ನಲ್ಲಿದ್ದ ಸಿಬಾ ಸಂಶೋಧನಾ ಕೇಂದ್ರದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ದುರ್ವಾಸನೆ ಮರದಲ್ಲೂ ಅದನ್ನು ಕಂಡರು. ಅದೇ ವೇಳೆಗೆ ವಿಷಪರಿಣಾಮದಿಂದ ರೋಗಿಗಳ ಮೇಲಿನ ಪ್ರಯೋಗಗಳು ನಿಂತವು. ಕ್ಯಾಂಪ್ಟೊಥೆಸಿನ್ ಟೊಪೊಐಸೊಮರೇಸ್ 1 ಕಿಣ್ವವನ್ನು ಡಿಎನ್‌ಎಗೆ ಕಟ್ಟಿಹಾಕುತ್ತದೆ ಎಂದು 1985ರಲ್ಲಿ ತಿಳಿದ ಮೇಲೆ ಆಸಕ್ತಿ ಮರಳಿತು. ಇದರಿಂದ ರೂಪಿಸಿದ ಟೊಪೊಟೆಕಾನ್, ಇರಿನೊಟೆಕಾನ್ ಎರಡಕ್ಕೂ ಅಮೆರಿಕದಲ್ಲಿ 1996ರಲ್ಲಿ ಅನುಮತಿ ಸಿಕ್ಕಿತು. ಮೊದಲನೆಯದು ಅಂಡಾಶಯದ, ಎರಡನೆಯದು ದೊಡ್ಡ ಕರುಳಿನ ಕ್ಯಾನ್ಸರ್‌ಗೆ.

ಕಾಡಿನ ಮೇಲಿನ ಒತ್ತಡ: ಬೇಡಿಕೆ ಹೆಚ್ಚಿದಂತೆ ಘಟ್ಟದ ಮರಗಳನ್ನು ಬುಡಸಹಿತ ಕಡಿದು ಸಾಗಿಸಿದರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಏಟ್ರೀ ಸಂಸ್ಥೆಯ ಜಿ. ರವಿಕಾಂತ್ ಅವರ ತಂಡಗಳು ಘಟ್ಟದ ಉದ್ದಕ್ಕೂ ಮರಗಳನ್ನು ಪರೀಕ್ಷಿಸಿ, ಆಲ್ಕಲಾಯ್ಡ್ ಅಂಶ ಒಂದು ಮರದಿಂದ ಇನ್ನೊಂದಕ್ಕೆ ಬಹಳ ವ್ಯತ್ಯಾಸವಾಗುತ್ತದೆ ಎಂದು ದಾಖಲಿಸಿದವು. ಹೆಚ್ಚು ಅಂಶವುಳ್ಳ ಮರಗಳನ್ನು ಆರಿಸಿ ತೋಟಗಳಲ್ಲಿ ಬೆಳೆಸಲು ಇದು ದಾರಿ ತೋರಿತು.

ಶಿಲೀಂಧ್ರದ ವಿವಾದ: ಪಶ್ಚಿಮ ಕರಾವಳಿಯ ದುರ್ವಾಸನೆ ಮರವೊಂದರ ತೊಗಟೆಯೊಳಗಿನ ಶಿಲೀಂಧ್ರವೇ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆ ಎಂದು ಜಮ್ಮುವಿನ ಸಂಶೋಧಕರು ಜರ್ಮನಿಯ ಸಹೋದ್ಯೋಗಿಗಳೊಡನೆ 2005ರಲ್ಲಿ ವರದಿ ಮಾಡಿದರು. ಮರ ಕಡಿಯದೆ ತೊಟ್ಟಿಗಳಲ್ಲೇ ಔಷಧ ಬೆಳೆಯಬಹುದೆಂಬ ಭರವಸೆ ಹುಟ್ಟಿತು. ಆದರೆ ಬೆಂಗಳೂರಿನ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊರಗೆ ಬೆಳೆಸಿದ ಶಿಲೀಂಧ್ರಗಳಲ್ಲಿ ಪೀಳಿಗೆ ಕಳೆದಂತೆ ಇಳುವರಿ ಕುಸಿಯುತ್ತದೆ. ಮರುವರ್ಷ, ಚೀನೀ ಮರದ ಶಿಲೀಂಧ್ರದಲ್ಲಿ ತಯಾರಿಕೆಯ ಒಂದು ಮುಖ್ಯ ಕಿಣ್ವವೇ ಇಲ್ಲ, ಅದು ಆಶ್ರಯ ಮರದ್ದನ್ನು ಬಳಸುತ್ತದೆ ಎಂಬ ವರದಿಯೂ ಬಂತು. ಶಿಲೀಂಧ್ರ ಸ್ವತಂತ್ರ ತಯಾರಕನೋ, ಮರದ ಪಾಲುದಾರನೋ ಎಂಬ ಚರ್ಚೆಗೆ ಇದೇ ಮೂಲ. ಹಾಗಾಗಿ ಕಾಡಿನ ಮರಗಳ ಸಂರಕ್ಷಣೆ, ಆಯ್ದ ತಳಿಗಳ ಕೃಷಿ ಎರಡೂ ಔಷಧ ಪೂರೈಕೆಯ ಭಾಗವೇ ಆಗಿವೆ.