ಪಣಜಿಯ ಸಿನಿಮಾ ಜಾತ್ರೆ, ಕದಂಬ ಬಸ್ಸು, ಶೇಂಗಾ ಮಾರೋ ಅಕ್ಕ

ನಮ್ಮ ಕಡೆ ಜಾತ್ರೆ ಅಂದ್ರೆ ಆವನಿ ಜಾತ್ರೆ. ಶಿವರಾತ್ರಿ ಹೊತ್ತಿಗೆ ರಾಮಲಿಂಗೇಶ್ವರನ ತೇರು, ದನಗಳ ಜಾತ್ರೆ, ಬೆಟ್ಟದ ಮೇಲಿನ ಸೀತಮ್ಮನ ಗುಡಿಗೆ ಹತ್ತೋರ ಸಾಲು. ಅಲ್ಲಿ ತೇರು ಎಷ್ಟು ಕಾಣ್ತದೋ, ಹಗ್ಗ ಎಳೆಯೋರು, ಬತ್ತಾಸು ಮಾರೋರು, ರಾತ್ರಿಯೆಲ್ಲಾ ದನ ಕಾಯೋರು ಕೂಡ ಅಷ್ಟೇ ಕಾಣ್ತಾರೆ. ಇಂಥ ಜಾತ್ರೆ ನೋಡಿ ಬೆಳೆದ ಕಣ್ಣು ನಂದು. 2022ರ ನವೆಂಬರ್‌ನಲ್ಲಿ ತಂಗಿ ಮಗಳ ಜೊತೆ ಪಣಜಿಯ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಹೋದಾಗಲೂ ಅದೇ ಕಣ್ಣಲ್ಲಿ ನೋಡಿದೆ.

ಆ ಸಲದ್ದು 53ನೇ ಉತ್ಸವ, ನವೆಂಬರ್ 20ರಿಂದ 28ರ ತನಕ. ಮಾಂಡೋವಿ ನದಿ ದಂಡೆ ಉದ್ದಕ್ಕೂ ದೀಪ, ದೊಡ್ಡ ದೊಡ್ಡ ಕಟೌಟು, ಕೆಂಪು ಕಂಬಳಿ ಹಾಸಿದ ದಾರಿ. ಕೊರಳಿಗೆ ಪಾಸು ಹಾಕ್ಕೊಂಡೋರೆಲ್ಲಾ ಬಿರಬಿರನೆ ನಡೀತಿದ್ರು. ಸೀರೆ ನೆರಿಗೆ ಹಿಡ್ಕೊಂಡು ನಾನೂ ಅವರ ಹಿಂದೆ ಹೋದೆ.

ಈ ಉತ್ಸವ ಹುಟ್ಟಿದ್ದು ಗೋವಾದಲ್ಲಿ ಅಲ್ಲ. ಮೊದಲನೇದು ನಡೆದದ್ದು 1952ರ ಜನವರಿಯಲ್ಲಿ, ಮುಂಬಯಿಯಲ್ಲಿ. ಆಮೇಲೆ ಅದೇ ಸಿನಿಮಾಗಳನ್ನ ಮದ್ರಾಸು, ದೆಹಲಿ, ಕಲ್ಕತ್ತಾಗೂ ಹೊತ್ಕೊಂಡು ಹೋಗಿ ತೋರಿಸಿದ್ರು. ಇಟಲಿಯ ‘ಬೈಸಿಕಲ್ ಥೀವ್ಸ್’ ನಮ್ಮ ದೇಶದ ಎಷ್ಟೋ ಜನರ ಕಣ್ಣಿಗೆ ಬಿದ್ದದ್ದು ಆಗಲೇ. ನಮ್ಮ ದೇಶದ ಸಿನಿಮಾಗಳಲ್ಲಿ ತೆಲುಗಿನ ‘ಪಾತಾಳ ಭೈರವಿ’ಯೂ ಇತ್ತು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡೋ ಮುಳಬಾಗಿಲು ಕಡೆಯೋರಿಗೆ ಇದು ಹೆಮ್ಮೆ ವಿಷಯ ಅಲ್ವೇ? ಮುಂದೆ ಉತ್ಸವ ಊರೂರು ತಿರುಗಿತು. 1992ರಲ್ಲಿ ನಮ್ಮ ಬೆಂಗಳೂರಿಗೂ ಬಂದಿತ್ತು. 2004ರಿಂದ ಪಣಜಿಯಲ್ಲೇ ಠಿಕಾಣಿ.

ಪಣಜಿಗೇ ಯಾಕೆ ಅಂದ್ರೆ, ಫ್ರಾನ್ಸಿನ ಕಾನ್ ಊರು ಕಣ್ಣ ಮುಂದೆ ಇತ್ತು. ಅದೂ ಸಮುದ್ರದಂಡೆ ಊರೇ. 1946ರಲ್ಲಿ ಅಲ್ಲಿ ನಡೆದ ಮೊದಲ ಉತ್ಸವದಲ್ಲೇ ಚೇತನ್ ಆನಂದರ ‘ನೀಚಾ ನಗರ್’ ದೊಡ್ಡ ಬಹುಮಾನ ಪಡೆದ ಸಿನಿಮಾಗಳಲ್ಲಿ ಒಂದಾಗಿತ್ತು. ನಮಗೂ ಅಂಥದ್ದೊಂದು ಊರು ಬೇಕು ಅನ್ನೋ ಆಸೆ ದೆಹಲಿಯೋರಿಗೂ ಬಂತು, ಗೋವಾದೋರಿಗೂ ಬಂತು. ಪೋರ್ಚುಗೀಸರು 1842ರಲ್ಲಿ ಶುರು ಮಾಡಿದ ವೈದ್ಯಶಾಲೆ ಬೆಳೆದು ದೊಡ್ಡ ಆಸ್ಪತ್ರೆಯಾಗಿ, ಕೊನೆಗೆ ಬಾಂಬೋಲಿಮ್‌ಗೆ ಹೋಗಿತ್ತು. ಪಣಜಿಯಲ್ಲಿ ಖಾಲಿ ಬಿದ್ದ ಅದರ ಹಳೇ ಕಟ್ಟಡಗಳಿಗೆ ಸುಣ್ಣ ಬಣ್ಣ ಆಯ್ತು, ಪಕ್ಕದಲ್ಲೇ ಚಿತ್ರಮಂದಿರ ಎದ್ದಿತು. ಒಂದು ಕಾಲದಲ್ಲಿ ರೋಗಿಗಳು ಚೀಟಿ ಹಿಡಿದು ಕಾದ ಜಾಗದಲ್ಲಿ ಈಗ ಸಿನಿಮಾಕ್ಕೆ ಸಾಲು.

ಆ ವರ್ಷ ಭಾರತೀಯ ಪನೋರಮಾ ವಿಭಾಗಕ್ಕೆ ಬಾಗಿಲು ತೆರೆದದ್ದು ಕನ್ನಡದ ಸಿನಿಮಾ, ಪೃಥ್ವಿ ಕೊಣನೂರು ಅವರ ‘ಹದಿನೇಳೆಂಟು’. ಹದಿನೇಳು ಹದಿನೆಂಟು ವಯಸ್ಸಿನ ಇಬ್ಬರು ಕಾಲೇಜು ಮಕ್ಕಳು, ಅವರದೊಂದು ವಿಡಿಯೊ, ಅದರ ಹಿಂದೆ ಬಿಚ್ಚಿಕೊಳ್ಳೋ ಜಾತಿ, ದುಡ್ಡು, ಕಾನೂನು. ಎಲ್ಲೆಲ್ಲಿಂದಲೋ ಬಂದ ಜನ ನಮ್ಮ ಮಾತನ್ನ ಕೆಳಗಿನ ಅಕ್ಷರ ಓದ್ಕೊಂಡು ಅರ್ಥ ಮಾಡ್ಕೊಳ್ಳೋ ಸಿನಿಮಾ ಅದು. ಎರಡು ವರ್ಷ ಬಿಟ್ಟು, 2024ರಲ್ಲಿ, ಮೈಸೂರಿನ ಚಿದಾನಂದ ನಾಯ್ಕ್ ಕಾನ್‌ನಲ್ಲಿ ವಿದ್ಯಾರ್ಥಿಗಳ ಸಿನಿಮಾ ವಿಭಾಗದ ಮೊದಲ ಬಹುಮಾನ ತಗೊಂಡ್ರು. ಮುದುಕಿಯೊಬ್ಬಳು ಹುಂಜ ಕದ್ದು, ಊರಿಗೆ ಬೆಳಕೇ ಹರಿಯದ ಕಥೆ. ಅಜ್ಜಿಯರು ಹೇಳೋ ಕಥೆ ಅಷ್ಟು ದೂರ ಹೋಯ್ತು.

ಸಿನಿಮಾ ವಿಷಯ ಇಷ್ಟು. ನನ್ನ ಮನಸ್ಸಲ್ಲಿ ನಿಂತದ್ದು ಬಸ್ಸು. ಮಡಗಾಂವ್‌ನಲ್ಲಿ ರೈಲು ಇಳಿದು ಪಣಜಿಗೆ ಹತ್ತಿದ ಸರ್ಕಾರಿ ಬಸ್ಸಿನ ಮೇಲೆ ಬರೆದಿದ್ದದ್ದು ‘ಕದಂಬ’ ಅಂತ. ಬಸ್‌ಸ್ಟ್ಯಾಂಡಿಗೂ ಅದೇ ಹೆಸರು. ಬನವಾಸಿ ಕದಂಬರ ಹೆಸರು ಹೊತ್ತ ಒಂದು ಮನೆತನ 11ನೇ ಶತಮಾನದಿಂದ ಗೋವಾ ಆಳಿತ್ತು. ಮೊದಲನೇ ಜಯಕೇಶಿ ರಾಜಧಾನಿಯನ್ನ ಚಂದ್ರಪುರದಿಂದ ಜುವಾರಿ ದಂಡೆಯ ಗೋಪಕಪಟ್ಟಣಕ್ಕೆ ತಂದ. ಬೆಳಗಾವಿ ಜಿಲ್ಲೆಯ ಹಲಸಿ ಅವರ ಇನ್ನೊಂದು ರಾಜಧಾನಿ. ಅವರ ಶಾಸನಗಳು ಸಂಸ್ಕೃತದಲ್ಲೂ ಅವೆ, ಕನ್ನಡದಲ್ಲೂ ಅವೆ. ಕಲ್ಲಿನ ಮೇಲೆ ಕನ್ನಡ ಅನ್ನೋದು ಆವನಿಯೋರಿಗೆ ಹೊಸದಲ್ಲ. ನೊಳಂಬರ ಕಾಲದ ಗುಡಿ ಅಂಗಳದಲ್ಲಿ ಆಡಿ ಬೆಳೆದೋರು ನಾವು. ಆದ್ರೆ ಸಮುದ್ರದ ಪಕ್ಕದ ಇನ್ನೊಂದು ರಾಜ್ಯದಲ್ಲಿ ಆ ಹೆಸರು ದಿನಾ ಓಡಾಡೋದು ನೋಡಿದ್ರೆ ಬೇರೆ ಥರಾ ಅನ್ಸುತ್ತೆ.

ಮಾರನೇ ಸಂಜೆ ಮೀರಾಮಾರ್ ದಂಡೆಗೆ ಹೋದ್ವಿ. ಕಡ್ಲೆಕಾಯಿ ಮಾರ್ತಿದ್ದ ಒಬ್ಬಾಕೆ ನಮ್ಮ ಮಾತು ಕೇಳಿ, “ಯಾವೂರವ್ವಾ ನಿಮ್ದು?” ಅಂದ್ಲು.

“ಕೋಲಾರದ ಕಡೆ ಕಣಕ್ಕ. ನಿಮ್ದು?”

“ಬಾಗಲಕೋಟಿ ಕಡೀಕಿನೋರು. ಇಲ್ಲಿಗೆ ಬಂದು ಇಪ್ಪತ್ತು ವರ್ಸ ಆತು. ಶೇಂಗಾ ತಗೋರಿ.”

ಪಟ್ಟಣದಲ್ಲಿ ಕನ್ನಡ ಸಿನಿಮಾ ಬಂದೈತೆ ಅಂದೆ. “ಹೌದೇನು? ನಾ ಸಿನೆಮಾಕ್ಕ ಹೋದ್ರ ಶೇಂಗಾ ಮಾರೋರು ಯಾರವ್ವಾ?” ಅಂತ ನಕ್ಕಳು. ಹತ್ತು ರೂಪಾಯಿ ಪೊಟ್ಟಣಕ್ಕೆ ಒಂದು ಹಿಡಿ ಜಾಸ್ತಿನೇ ಹಾಕಿದ್ಲು.

1961ರ ಡಿಸೆಂಬರ್ 19ಕ್ಕೆ ಗೋವಾ ಪೋರ್ಚುಗೀಸರ ಕೈ ಬಿಟ್ಟಿತು. ಆಮೇಲೆ ಬಂದರು, ಗಣಿ, ರಸ್ತೆ, ಹೋಟ್ಲು ಕಟ್ಟೋ ಕೆಲಸಕ್ಕೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದಿಂದ ಜನ ಗಾಡಿ ಹತ್ತಿದ್ರು. ವಾಸ್ಕೋ ಹತ್ತಿರದ ಜುವಾರಿನಗರದಲ್ಲಿ ಈಗಲೂ ಕನ್ನಡ ಕೇಳ್ತದೆ. ಘಟ್ಟದ ಮೇಲಿಂದ ಬಂದ ಕೂಲಿಯೋರನ್ನ ‘ಘಾಂಟಿ’ ಅಂತ ಹೀಯಾಳಿಸೋ ಬಾಯಿಗಳೂ ಅಲ್ಲಿ ಅವೆ. ಬೈನಾ ದಂಡೆಯಲ್ಲಿದ್ದ ಗುಡಿಸಲುಗಳನ್ನ ಕೆಡವಿದ್ದೂ, ಸಿನಿಮಾ ಉತ್ಸವ ಪಣಜಿಗೆ ಬಂದದ್ದೂ ಒಂದೇ ವರ್ಷ, 2004. ಒಂದಕ್ಕೆ ಇನ್ನೊಂದು ಕಾರಣ ಅಂತ ನಾನು ಹೇಳ್ತಿಲ್ಲ. ಆದ್ರೆ ಎರಡೂ ಗೋವಾ ಚರಿತ್ರೆಯೇ, ಒಂದೇ ಪುಟದಲ್ಲಿ ಬರೀಬೇಕಾದ್ದು.

ನಮ್ಮ ಜಿಲ್ಲೆ ಕಥೆಯೂ ಇದಕ್ಕಿಂತ ದೂರ ಇಲ್ಲ. ಪಣಜಿಯಲ್ಲಿ ಕೋಲಾರ ಅಂದ ಕೂಡಲೇ ಹುಡುಗರು “ಓ, ಕೆಜಿಎಫ್!” ಅಂತಿದ್ರು. ಎರಡನೇ ಭಾಗ ಅದೇ ಏಪ್ರಿಲ್‌ನಲ್ಲಿ ಬಿಡುಗಡೆಯಾಗಿತ್ತು. ಆ ಹೆಸರಿನ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೇ ಮುಚ್ಚಿತು. ಗಣಿಗೆ ಇಳಿದೋರ ಮಕ್ಕಳು ಇವತ್ತಿಗೂ ಕತ್ತಲಲ್ಲೇ ಎದ್ದು, ಬುತ್ತಿ ಕಟ್ಕೊಂಡು, ಮಾರಿಕುಪ್ಪಂನಿಂದ ಬೆಂಗಳೂರಿಗೆ ರೈಲು ಹಿಡೀತಾರೆ. ಹೆಸರು ದೇಶ ಸುತ್ತಿತು. ಹೆಸರಿಗೆ ಬೆವರು ಸುರಿಸಿದ ಮನೆಗಳಲ್ಲಿ ಇನ್ನೂ ರೈಲಿನ ಪಾಸೇ ಗತಿ.

ಹಂಗಂತ ಪಣಜಿಗೆ ಹೋಗ್ಬೇಡಿ ಅಂತಲ್ಲ. ನವೆಂಬರ್‌ನಲ್ಲಿ ಹೋಗಿ. ಯಶವಂತಪುರದಿಂದ ವಾಸ್ಕೋ ರೈಲು ಐತೆ. ಬುತ್ತಿಗೆ ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ ಇಟ್ಕೊಳ್ಳಿ. ಕದಂಬ ಬಸ್ಸಲ್ಲಿ ಕನ್ನಡ ಕಿವಿಗೆ ಬಿದ್ರೆ ಸುಮ್ಮನೆ ಕೂರಬೇಡಿ, ಯಾವೂರು ಅಂತ ಕೇಳಿ. ಸಾಲಲ್ಲಿ ನಿಂತು ಸಿನಿಮಾ ನೋಡಿ, ಆಮೇಲೆ ದಂಡೆಗೆ ಹೋಗಿ ಶೇಂಗಾ ತಗೊಳ್ಳಿ. ನೋಡಿದ ಕಥೆಯನ್ನ ಆ ಅಕ್ಕನಿಗೂ ಒಂದಿಷ್ಟು ಹೇಳಿ ಬನ್ನಿ.