ಕುಂಡದ ಮಣ್ಣಿಗೂ ಒಂದು ಚರಿತ್ರೆ

ಚರಿತ್ರೆಯ ಮೇಷ್ಟ್ರಿಗೆ ಮಣ್ಣಿನ ಉಸಾಬರಿ ಏಕೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ನಗಲಿ. ಕೋಲಾರದ ಕಡೆಯ ನಮ್ಮ ಪಿತ್ರಾರ್ಜಿತ ಜಮೀನನ್ನು ಮಾರಲು ಅಣ್ಣತಮ್ಮಂದಿರೆಲ್ಲ ಒಪ್ಪಿದ ಮೇಲೆ, ಕ್ರಯಪತ್ರಕ್ಕೆ ರುಜು ಹಾಕುವ ಹಿಂದಿನ ದಿನ ನಾನು ಆರು ಚೀಲ ಕೆಮ್ಮಣ್ಣನ್ನು ತುಂಬಿಸಿಕೊಂಡು ಬೆಂಗಳೂರಿಗೆ ಬಂದೆ. ತಂದೆಯವರು ಆ ಮಣ್ಣಿನಲ್ಲಿ ಟೊಮೇಟೊ ಬೆಳೆದು ನಮ್ಮನ್ನು ಓದಿಸಿದ್ದರು. ನಮ್ಮಜ್ಜಿ ಮಾತ್ರ ಕೊನೆಯವರೆಗೂ ಅದನ್ನು ಗೂದೆಹಣ್ಣು ಎಂದೇ ಕರೆದರು.

ತಾರಸಿಯ ಕುಂಡಗಳಿಗೆ ಆ ಮಣ್ಣನ್ನೇ ತುಂಬಿ ಸಸಿ ನೆಟ್ಟೆ. ಒಂದೂವರೆ ತಿಂಗಳೊಳಗೆ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಯಿತು, ಎಲೆಗಳು ಹಳದಿಯಾದವು. ಕಿತ್ತು ನೋಡಿದರೆ ಬೇರು ಕೊಳೆತಿತ್ತು. ಎಸೆದುಬಿಡಿ ಎಂದಳು ಮನೆಯವಳು. ನನಗೆ ಮನಸ್ಸಾಗಲಿಲ್ಲ. ಅಪ್ಪನ ಮಣ್ಣು ಕೆಟ್ಟದ್ದೆಂದು ಒಪ್ಪುವುದು ಹೇಗೆ?

ಕೃಷಿ ಇಲಾಖೆಯಲ್ಲಿರುವ ನನ್ನ ಶಿಷ್ಯನೊಬ್ಬನು ದೂರವಾಣಿಯಲ್ಲಿ ನಕ್ಕು, "ಮಣ್ಣು ಚೆನ್ನಾಗಿಯೇ ಇದೆ ಸಾರ್, ಕುಂಡ ಹೊಲವಲ್ಲ ಅಷ್ಟೆ" ಎಂದನು. ಹೊಲದಲ್ಲಿ ನೀರು ಆಳಕ್ಕೆ ಇಳಿದು ಹೋಗುತ್ತದೆ. ಕುಂಡದಲ್ಲಿ, ತೂತು ಇದ್ದರೂ, ತಳದ ಮಣ್ಣು ಪೂರ್ತಿ ನೆನೆಯುವವರೆಗೆ ನೀರು ಹೊರಬೀಳದು. ಆ ನೆನೆದ ಪದರ ಹಾಗೆಯೇ ನಿಂತುಬಿಡುತ್ತದೆ. ಮಣ್ಣು ನುಣುಪಾದಷ್ಟೂ ಪದರ ಎತ್ತರ. ಬೇರಿಗೆ ಗಾಳಿಯಿಲ್ಲ. ಒದ್ದೆ ಸ್ಪಂಜನ್ನು ಅಡ್ಡಲಾಗಿ ಹಿಡಿದು, ತೊಟ್ಟಿಕ್ಕುವುದು ನಿಂತ ಮೇಲೆ ನೆಟ್ಟಗೆ ನಿಲ್ಲಿಸಿ ನೋಡಿ, ಇನ್ನಷ್ಟು ನೀರು ಸುರಿಯುತ್ತದೆ. ಆಳವಾದ ಕುಂಡ ಏಕೆ ಬೇಕೆಂಬುದು ಅಲ್ಲೇ ತಿಳಿಯುತ್ತದೆ. ತಳಕ್ಕೆ ಹೆಂಚಿನ ಚೂರು ಹಾಕುವುದರಿಂದ ನೀರು ಬಸಿಯುವುದಿಲ್ಲ. ಆ ಪದರ ಅಷ್ಟು ಮೇಲಕ್ಕೆ ಏರುತ್ತದೆ, ಅಷ್ಟೆ. ನಾನು ಅದನ್ನೂ ಮಾಡಿದ್ದೆ.

ಇಂಥ ಸಂಗತಿಗೂ ಚರಿತ್ರೆ ಇರಲೇಬೇಕೆಂದು ಹುಡುಕಿದೆ. ಲಂಡನ್ನಿನ ಮರ್ಟನ್‌ನಲ್ಲಿ 1910ರಲ್ಲಿ ಜಾನ್ ಇನ್ನೆಸ್ ಎಂಬ ವರ್ತಕರು ಬಿಟ್ಟುಹೋದ ಹಣದಿಂದ ಒಂದು ತೋಟಗಾರಿಕಾ ಸಂಸ್ಥೆ ಆರಂಭವಾಯಿತು. 1930ರ ದಶಕದಲ್ಲಿ ಅಲ್ಲಿ ತಳಿಶಾಸ್ತ್ರದ ಪ್ರಯೋಗಗಳಿಗೆಂದು ಬೆಳೆಸುತ್ತಿದ್ದ ಪ್ರಿಮ್ಯುಲಾ ಸಸಿಗಳು ಸಾಯತೊಡಗಿದವು. ಆ ಕಾಲದ ತೋಟಗಾರರು ಒಂದೊಂದು ಗಿಡಕ್ಕೆ ಒಂದೊಂದು ಮಿಶ್ರಣವನ್ನು ಮನೆತನದ ಗುಟ್ಟಿನಂತೆ ಕಾಪಾಡಿಕೊಂಡಿದ್ದರು. ವಿಲಿಯಂ ಲಾರೆನ್ಸ್ ಮತ್ತು ಜಾನ್ ನ್ಯೂವೆಲ್ ವರ್ಷಗಟ್ಟಲೆ ಪ್ರಯೋಗ ಮಾಡಿ, ಆ ಗುಟ್ಟುಗಳಲ್ಲಿ ಹೆಚ್ಚಿನವು ಅನಗತ್ಯ, ಬಹುಪಾಲು ಗಿಡಗಳಿಗೆ ಒಂದೇ ಮಿಶ್ರಣ ಸಾಕು ಎಂದು ತೋರಿಸಿದರು. ಆವಿಯಲ್ಲಿ ಬಿಸಿಮಾಡಿ ರೋಗಾಣು ಕಳೆದ ಗೋಡುಮಣ್ಣು 7 ಪಾಲು, ಪೀಟ್ 3 ಪಾಲು, ದಪ್ಪ ಮರಳು 2 ಪಾಲು. ಅದಕ್ಕೆ ಅಳತೆಯ ಗೊಬ್ಬರ ಮತ್ತು ಸೀಮೆಸುಣ್ಣದ ಪುಡಿ. ಪೀಟ್ ಎಂದರೆ ಜೌಗುನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತ ಪಾಚಿ ಮೊದಲಾದವುಗಳ ಪುಡಿ. ಸಂಸ್ಥೆಯು ಈ ಸೂತ್ರವನ್ನು ಮಾರಿಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ನನಗೆ ಬಹಳ ಮೆಚ್ಚುಗೆಯಾದ ಸಂಗತಿ ಇದು. ಅಂದ ಹಾಗೆ, ನಮ್ಮ ತಲಶ್ಶೇರಿಯ ಜಾನಕಿ ಅಮ್ಮಾಳ್ ಅವರು 1940ರಿಂದ 1945ರವರೆಗೆ ದುಡಿದದ್ದು ಇದೇ ಸಂಸ್ಥೆಯಲ್ಲಿ.

ಆದರೆ ಒಳ್ಳೆಯ ಗೋಡುಮಣ್ಣು ಎಲ್ಲೆಡೆ ಸಿಗದು, ಒಂದರಂತೆ ಇನ್ನೊಂದು ಇರದು. 1957ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಸಣ್ಣ ಮರಳು ಮತ್ತು ಪೀಟ್ ಸಾಕೆಂದರು. 1960ರ ದಶಕದಲ್ಲಿ ಕಾರ್ನೆಲ್‌ನವರು ಪೀಟ್ ಮತ್ತು ವರ್ಮಿಕ್ಯುಲೈಟ್ ಬೆರೆಸಿ ಮಣ್ಣನ್ನೇ ಕೈಬಿಟ್ಟರು. ಓದುವಾಗ ಎದೆ ಧಸಕ್ಕೆಂದಿತು, ನನ್ನ ಆರು ಚೀಲಗಳು ನೆನಪಾದವು.

ನಮ್ಮಲ್ಲಿ ಪೀಟ್‌ನ ಸ್ಥಾನವನ್ನು ತೆಂಗಿನ ನಾರಿನ ಪುಡಿ ಹಿಡಿಯಿತು. ಕೇರಳದ ನಾರಿನ ಕಾರ್ಖಾನೆಗಳ ಹೊರಗೆ ಒಂದು ಕಾಲಕ್ಕೆ ಗುಡ್ಡದಂತೆ ಬಿದ್ದಿರುತ್ತಿದ್ದ ಕಸವೇ ಇಂದು ಕೋಕೋಪೀಟ್ ಎಂಬ ಹೆಸರಿನಲ್ಲಿ ಇಟ್ಟಿಗೆಗಳಾಗಿ ವಿದೇಶಕ್ಕೆ ಹೋಗುತ್ತದೆ. ಹಿನ್ನೀರಿನಲ್ಲಿ ನೆನೆಸಿದ ಸಿಪ್ಪೆಯದಾದರೆ ಅದರಲ್ಲಿ ಉಪ್ಪಿರುತ್ತದೆ. ಎರಡು ಮೂರು ಸಲ ತೊಳೆಯಲೇಬೇಕು. ಅದು ಸುಣ್ಣದ ಅಂಶವನ್ನೂ ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ, ನೀರು ಕೊಡುವುದರಲ್ಲಿ ಏರುಪೇರಾದರೆ ಟೊಮೇಟೊ ಕಾಯಿಯ ತುದಿ ಕಪ್ಪಾಗುತ್ತದೆ. ನನಗೆ ಎರಡನೆಯ ವರ್ಷ ಆದದ್ದು ಅದೇ.

ಈಗ ನನ್ನ ಲೆಕ್ಕ ಇಷ್ಟು: ಊರಿನ ಮಣ್ಣು 2 ಪಾಲು, ತೊಳೆದ ನಾರಿನ ಪುಡಿ 2 ಪಾಲು, ಎರೆಗೊಬ್ಬರ 1 ಪಾಲು, ದಪ್ಪ ಮರಳು 1 ಪಾಲು, ಒಂದು ಹಿಡಿ ಬೇವಿನ ಹಿಂಡಿ. ಕಾರ್ನೆಲ್‌ನವರ ಮಾತು ಕೇಳಿದ್ದರೆ ಮೊದಲನೆಯದನ್ನು ಬಿಡಬಹುದಿತ್ತು. ಬಿಡಲಿಲ್ಲ. ಕಳೆದ ಚಳಿಗಾಲ ಐದು ಕುಂಡಗಳಿಂದ ಮನೆಗೆ ಸಾಕಾಗಿ ಮಿಕ್ಕಿ, ಅಣ್ಣನ ಮನೆಗೂ ಒಂದು ಬುಟ್ಟಿ ಕಳುಹಿಸಿದೆ. ಯಾವ ಮಣ್ಣಿನದೆಂದು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಚೀಲಗಳಲ್ಲಿ ಒಂದೂವರೆ ಉಳಿದಿದೆ. ಫಸಲು ಮುಗಿದ ಕುಂಡಗಳ ಮಣ್ಣನ್ನು ಬಿಸಿಲಿಗೆ ಹರಡಿ, ಬೇರು ಆರಿಸಿ, ಗೊಬ್ಬರ ಬೆರೆಸಿ ಮತ್ತೆ ತುಂಬುತ್ತಿದ್ದೇನೆ. ಆದರೆ ಅದರಲ್ಲಿ ಕೂಡಲೇ ಟೊಮೇಟೊ, ಬದನೆ ಹಾಕುವುದಿಲ್ಲ. ಈ ಸಲ ಹುರುಳಿಕಾಯಿ.